ಹತ್ತನೇ ತರಗತಿಯ ಇಂಗ್ಲಿಷ್ ಆಲಿಸುವ ಅವಧಿಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹತ್ತನೇ ತರಗತಿಯ ಕೆಲವು ಮಕ್ಕಳ ತಂದೆ ತಾಯಂದಿರು ನನ್ನ ಕೈಗೆ ಒಂದು ಅರ್ಜಿ ಕೊಟ್ಟರು. ಹನ್ನೊಂದು ಸಹಿ, ಎರಡು ಹೆಬ್ಬೆಟ್ಟಿನ ಗುರುತು ಇದ್ದವು. ಇಂಗ್ಲಿಷ್ ಅವಧಿಯಲ್ಲಿ ಸ್ಪೀಕರ್ ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸುತ್ತಾರೆ, ನೋಟ್ಸ್ ಬರೆಸುವುದು ಕಡಿಮೆಯಾಗಿದೆ, ಪರೀಕ್ಷೆಯಲ್ಲಿ ಕೇಳಿಸಿಕೊಳ್ಳುವುದಕ್ಕೆ ಅಂಕವೇ ಇಲ್ಲದಿರುವಾಗ ಮಕ್ಕಳ ಸಮಯ ಏಕೆ ಹಾಳು ಮಾಡುತ್ತೀರಿ ಎಂದು ಅದರಲ್ಲಿ ಕೇಳಿದ್ದೀರಿ. ಕೆಲಸ ಬಿಟ್ಟು, ಒಬ್ಬರು ರೇಷ್ಮೆಗೂಡಿನ ಮಾರುಕಟ್ಟೆಯಿಂದ ನೇರವಾಗಿ, ಶಾಲೆಯವರೆಗೆ ಬಂದು ಕೇಳಿದ್ದೀರಿ ಎಂದರೆ ಮಕ್ಕಳ ಓದಿನ ಮೇಲೆ ನಿಮಗಿರುವ ಕಾಳಜಿ ಎಷ್ಟೆಂದು ನನಗೆ ಗೊತ್ತು. ಸಭೆಯ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಆದ್ದರಿಂದ ಎಲ್ಲ ಪೋಷಕರಿಗೂ ಈ ಪತ್ರ.

ಮೊದಲು ಬಸ್ಸಿನ ವಿಷಯ. ಎರಡು ವಾರದ ಹಿಂದೆ ಸಂಜೆಯ ವಿಶೇಷ ತರಗತಿ ಹೊತ್ತು ಮೀರಿ, ಐದು ಗಂಟೆಯ ಬಸ್ಸು ತಪ್ಪಿ, ಒಂಬತ್ತು ಮಕ್ಕಳು ಕತ್ತಲಾದ ಮೇಲೆ ಮನೆ ಸೇರಿದರು. ಅವರಲ್ಲಿ ಆರು ಮಂದಿ ಹೆಣ್ಣುಮಕ್ಕಳು. ಅದು ಶಾಲೆಯ ತಪ್ಪು. ಮುಖ್ಯ ಶಿಕ್ಷಕಿಯಾಗಿ ಅದರ ಹೊಣೆ ನನ್ನದು, ಕ್ಷಮೆ ಕೇಳುತ್ತೇನೆ. ಈ ಸೋಮವಾರದಿಂದ ಆಲಿಸುವ ಅಭ್ಯಾಸವನ್ನು ಬೆಳಗಿನ ಮೊದಲ ಅವಧಿಗೆ ತಂದಿದ್ದೇವೆ. ಸಂಜೆ ನಾಲ್ಕೂವರೆಯ ನಂತರ ಯಾವ ಮಗುವನ್ನೂ ಯಾವ ಕಾರಣಕ್ಕೂ ನಿಲ್ಲಿಸಿಕೊಳ್ಳುವುದಿಲ್ಲ.

ಇನ್ನು ಅರ್ಜಿಯ ಮುಖ್ಯ ಮಾತು. ನೀವು ಬರೆದದ್ದು ನಿಜ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 80 ಅಂಕಕ್ಕೆ ಲಿಖಿತ ಪತ್ರಿಕೆ, ಉಳಿದ 20 ಅಂಕ ಶಾಲೆಯಲ್ಲೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಧ್ವನಿ ಕೇಳಿಸಿ ಉತ್ತರ ಬರೆಸುವ ಪ್ರಶ್ನೆ ಒಂದೂ ಇಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಈ ಅಭ್ಯಾಸ ಬೇಕು ಎನ್ನುತ್ತೇನೆ. ಏಕೆಂದು ಹೇಳಲು ಒಂದು ಉತ್ತರ ಪತ್ರಿಕೆಯ ಕಥೆಯನ್ನೇ ನಿಮ್ಮ ಮುಂದಿಡಬೇಕು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಠ್ಯದಲ್ಲಿಲ್ಲದ ಒಂದು ಗದ್ಯಭಾಗ ಕೊಟ್ಟಿದ್ದೆವು. ಅಂಚೆಯವನೊಬ್ಬ ಹಳೆಯ ಕೆಂಪು ಸೈಕಲ್ಲಿನಲ್ಲಿ ಹೋಗುತ್ತಾನೆ, ದಾರಿಯಲ್ಲಿ ಸೇತುವೆಯ ಮೇಲೆ ನೀರು ಬಂದಿರುತ್ತದೆ, ಇಳಿದು ನಡೆಯುತ್ತಾನೆ. ಇಷ್ಟೇ ಕಥೆ. ಅವನು ಸೈಕಲ್ಲಿನಿಂದ ಏಕೆ ಇಳಿದ ಎಂಬುದು ಪ್ರಶ್ನೆ. ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ಪ್ರಶ್ನೆಯಲ್ಲಿದ್ದ ‘ಬೈಸಿಕಲ್’ ಎಂಬ ಪದವನ್ನು ಗದ್ಯಭಾಗದಲ್ಲಿ ಹುಡುಕಿ, ಅದು ಮೊದಲು ಎಲ್ಲಿ ಸಿಕ್ಕಿತೋ ಆ ಸಾಲನ್ನು ಅಕ್ಷರ ತಪ್ಪದೆ ನಕಲು ಮಾಡಿದ್ದರು. ‘ಅಂಚೆಯವನ ಬಳಿ ಹಳೆಯ ಕೆಂಪು ಸೈಕಲ್ ಇತ್ತು’ ಎಂಬ ಸಾಲು ಅದು. ಕೈಬರಹ ಮುತ್ತಿನಂತಿದೆ, ಕಾಗುಣಿತದಲ್ಲಿ ಒಂದು ತಪ್ಪಿಲ್ಲ, ಅಂಕ ಸೊನ್ನೆ.

ಮಾರನೆಯ ದಿನ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದರು. ನಾನೇ ತರಗತಿಗೆ ಹೋಗಿ, ಹೀಗೆ ಬರೆದವರಲ್ಲಿ ಒಬ್ಬ ಹುಡುಗಿಯನ್ನು ಕರೆದು ಆ ಭಾಗವನ್ನು ಓದಿಸಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದಿದಳು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಪದಗಳು ಅವಳ ಮನಸ್ಸಿನಿಂದ ಜಾರಿಹೋಗಿದ್ದವು. ಪೂರ್ಣವಿರಾಮ ಬಂದರೂ ನಿಲ್ಲಲಿಲ್ಲ, ಮುಂದಿನ ವಾಕ್ಯದ ನಡುವೆ ಉಸಿರು ತೆಗೆದುಕೊಂಡಳು. ‘ವಾಕ್ಟ್’ ಎನ್ನಬೇಕಾದ ಪದವನ್ನು ‘ವಾಕೆಡ್’ ಎಂದು ಓದಿದಳು. ಅರ್ಥ ಕೇಳಿದರೆ ತಲೆ ತಗ್ಗಿಸಿದಳು. ಆಮೇಲೆ ಪುಸ್ತಕ ಮುಚ್ಚಿಸಿ, ಅದೇ ಭಾಗವನ್ನು ನಾನು ಮಾಮೂಲು ವೇಗದಲ್ಲಿ, ನಿಲ್ಲುವಲ್ಲಿ ನಿಂತು, ಒಮ್ಮೆ ಓದಿದೆ. ಮುಗಿಯುವ ಮೊದಲೇ ಆ ಹುಡುಗಿ ತಲೆ ಎತ್ತಿ, ‘ಸೇತುವೆಯ ಮೇಲೆ ನೀರು ಬಂದಿತ್ತೇ, ಮೇಡಂ?’ ಎಂದು ಕನ್ನಡದಲ್ಲಿ ಕೇಳಿದಳು.

ಅದರಲ್ಲಿ ಅವಳಿಗೆ ಗೊತ್ತಿಲ್ಲದ ಪದ ಹೆಚ್ಚೆಂದರೆ ಮೂರು. ಉಳಿದ ಪದಗಳೆಲ್ಲ ಅವಳಿಗೆ ಗೊತ್ತಿದ್ದವು. ಆದರೆ ಆ ಪದಗಳು ಒಟ್ಟಾಗಿ ಹೇಗೆ ಕೇಳಿಸುತ್ತವೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಕಿವಿಯಲ್ಲಿಲ್ಲದ ಭಾಷೆಯನ್ನು ಕಣ್ಣು ಎಷ್ಟೆಂದು ಓದೀತು? ನಾನು ಈ ವೃತ್ತಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಇಂಗ್ಲಿಷಿನಲ್ಲಿ ನಪಾಸಾದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ದಡ್ಡರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಆ ಭಾಷೆಯನ್ನು ಯಾರೂ ಅವರ ಕಿವಿಗೆ ಹಾಕಿರಲಿಲ್ಲ, ಅಷ್ಟೇ.

ಇದು ನಿಮಗೆ ಹೊಸ ಮಾತೇನೂ ಅಲ್ಲ. ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಆ ಮನೆಗಳ ಮಕ್ಕಳು ಇಂದು ಕನ್ನಡದಲ್ಲಿ 125ಕ್ಕೆ 110 ತೆಗೆಯುತ್ತಾರೆ. ಅವರು ಕನ್ನಡ ಕಲಿತದ್ದು ಹೇಗೆ? ಅಂಗನವಾಡಿಯಲ್ಲಿ ಕೇಳಿದರು, ಬೀದಿಯಲ್ಲಿ ಕೇಳಿದರು, ಬಸ್ಸಿನಲ್ಲಿ ಕೇಳಿದರು. ಕಿವಿ ತುಂಬಿದ ಮೇಲೆ ಬಾಯಿಗೆ ಬಂತು, ಆಮೇಲೆ ಓದು. ಇಂಗ್ಲಿಷಿಗೆ ನಮ್ಮಲ್ಲಿ ಅಂಥ ಬೀದಿಯಿಲ್ಲ. ಇರುವುದು ದಿನಕ್ಕೊಂದು ಅವಧಿ. ಅದರಲ್ಲೂ ಶಿಕ್ಷಕರು ಪ್ರಶ್ನೋತ್ತರ ಬರೆಸುತ್ತಲೇ ಹೋದರೆ ಮಗು ಆ ಭಾಷೆಯನ್ನು ಕೇಳುವುದು ಯಾವಾಗ?

ಆಲಿಸುವ ಅಭ್ಯಾಸದ ಇಪ್ಪತ್ತು ನಿಮಿಷದಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಹೇಳುತ್ತೇನೆ. ‘ಸುಮ್ಮನೆ ಕೂರಿಸುತ್ತಾರೆ’ ಎಂಬ ಮಾತು ಇಂಗ್ಲಿಷ್ ಶಿಕ್ಷಕರಿಗೆ ನೋವು ತಂದಿದೆ. ಸುಮಾರು ನೂರೈವತ್ತು ಪದಗಳ ಒಂದು ಭಾಗವನ್ನು ಮೊದಲ ಸಲ ಪುಸ್ತಕ ಮುಚ್ಚಿ ಕೇಳುತ್ತಾರೆ. ಯಾರು, ಎಲ್ಲಿ, ಏನಾಯಿತು ಎಂದು ಕನ್ನಡದಲ್ಲೇ ಹೇಳಿದರೂ ಸಾಕು. ಎರಡನೇ ಸಲ ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಇರುತ್ತವೆ, ಕೇಳುತ್ತಾ ಗುರುತು ಹಾಕಿಕೊಳ್ಳುತ್ತಾರೆ. ಮೂರನೇ ಸಲ ಪುಸ್ತಕ ತೆರೆದು, ಧ್ವನಿಯ ಜೊತೆಗೆ ಪೆನ್ಸಿಲ್ ಓಡಿಸುತ್ತಾರೆ. ಕೊನೆಗೆ ಇಬ್ಬಿಬ್ಬರು ಕೂತು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ, ಉತ್ತರ ಬರೆಯುತ್ತಾರೆ. ಕರೆಂಟು ಹೋದರೆ ಶಿಕ್ಷಕರೇ ಓದುತ್ತಾರೆ. ನಿಮ್ಮ ಕಾಲದಲ್ಲಿ ಮೇಷ್ಟರು ಬೆಂಚುಗಳ ನಡುವೆ ಓಡಾಡುತ್ತಾ ಉಕ್ತಲೇಖನ ಕೊಡುತ್ತಿದ್ದರು, ನೆನಪಿದೆಯೇ? ಅದು ಕೂಡ ಆಲಿಸುವ ಪಾಠವೇ. ಸರ್ಕಾರದ ‘ಕೇಳಿ ಕಲಿ’ ರೇಡಿಯೋ ಪಾಠಗಳು ಬರುತ್ತಿದ್ದಾಗ ನಾವು ಶಿಕ್ಷಕರು ರೇಡಿಯೋವನ್ನು ಮೇಜಿನ ಮೇಲಿಟ್ಟು ಮಕ್ಕಳ ಜೊತೆ ಕೂತು ಕೇಳುತ್ತಿದ್ದೆವು. ಆಗ ಯಾರೂ ಅದನ್ನು ಸಮಯ ಹಾಳು ಎಂದಿರಲಿಲ್ಲ.

ಅಂಕದ ಮಾತಿಗೇ ಮತ್ತೆ ಬರೋಣ, ನಿಮ್ಮ ಚಿಂತೆ ಅದೇ ಅಲ್ಲವೇ. ಕೇಳಿ ಬರೆಯುವ ಪ್ರಶ್ನೆ ಇಲ್ಲ, ಒಪ್ಪಿದೆ. ಆದರೆ ಪತ್ರಿಕೆಯಲ್ಲಿ ಒಂದು ಸಂಭಾಷಣೆ ಕೊಟ್ಟು, ಗೆರೆ ಎಳೆದ ಮಾತು ವಿನಂತಿಯೋ, ಸಲಹೆಯೋ, ಅನುಮತಿ ಕೇಳುವುದೋ ಎಂದು ಕೇಳುತ್ತಾರೆ. ಅಂಥ ಮಾತನ್ನು ಒಮ್ಮೆಯೂ ಕೇಳದ ಮಗು ಅದನ್ನು ಊಹಿಸಿಯೇ ಬರೆಯಬೇಕು. ಪದದಲ್ಲಿ ಉಚ್ಚಾರಾಂಶ ಎಷ್ಟು ಎಂದು ಕೇಳಿದ ಪತ್ರಿಕೆಗಳಿವೆ. ‘ವಾಕೆಡ್’ ಎಂದು ಓದುವ ಮಗು ಒಂದರ ಬದಲು ಎರಡು ಎಂದು ಬರೆದು ಅಂಕ ಕಳೆದುಕೊಳ್ಳುತ್ತದೆ. ಗದ್ಯಭಾಗದ ಕಥೆ ಆಗಲೇ ಹೇಳಿದೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಪತ್ರಿಕೆ ಕೈಗೆ ಬಂದ ಮೇಲೆ ಓದಿಕೊಳ್ಳುವುದಕ್ಕೆಂದೇ 15 ನಿಮಿಷ ಕೊಡುತ್ತಾರೆ. ಪದಕ್ಕೆ ಪದ ಬೆರಳಿಡುವ ಮಗು ಆ ಹದಿನೈದು ನಿಮಿಷದಲ್ಲಿ ಎರಡನೇ ಪುಟ ದಾಟುವುದಿಲ್ಲ. ಪ್ರಶ್ನೆಯೇ ಅರ್ಥವಾಗದಿದ್ದರೆ ಬಾಯಿಪಾಠ ಮಾಡಿದ ಉತ್ತರವನ್ನು ಯಾವ ಪ್ರಶ್ನೆಗೆ ಬರೆಯಬೇಕೆಂದು ಗೊತ್ತಾಗುವುದಾದರೂ ಹೇಗೆ?

ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟು ಮುಖ್ಯ ಭಾಗಗಳು) ಕೊಡಿ ಸಾಕು ಎಂದು ಒಬ್ಬ ತಂದೆ ಸಭೆಯಲ್ಲಿ ಹೇಳಿದರು. ಕೊಡುತ್ತೇವೆ. ಪತ್ರಲೇಖನ, ಪದ್ಯ ಕಂಠಪಾಠ, ಮುಖ್ಯ ಪ್ರಶ್ನೋತ್ತರ, ಯಾವುದನ್ನೂ ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಅದೇ ಆಸರೆ ಎಂದು ನಮಗೂ ಗೊತ್ತು. ಆದರೆ ಕಾಲ ಬದಲಾಗಿದೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು. ಪಕ್ಕದವರ ಹಾಳೆ ನೋಡಿ ದಾಟುವ ದಾರಿ ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ ಆಯಿತು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆಯಲ್ಲ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಇವೆ, ಅದು ಮಕ್ಕಳಿಗೆ ಒಳ್ಳೆಯದೂ ಹೌದು. ಆದರೆ ಓದಲು ಬಾರದ ಮಗುವಿಗೆ ಮುಂದಿನ ಪರೀಕ್ಷೆಯ ಪತ್ರಿಕೆಯೂ ಇಂಗ್ಲಿಷಿನಲ್ಲೇ ಇರುತ್ತದೆ.

ಮುಂದಿನ ವರ್ಷದ್ದನ್ನೂ ಸ್ವಲ್ಪ ಯೋಚಿಸಿ. ನಮ್ಮ ಶಾಲೆಯಿಂದ ಹೋಗಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳು ದಸರಾ ರಜೆಯಲ್ಲಿ ನನ್ನನ್ನು ನೋಡಲು ಬರುತ್ತಾರೆ. ಒಳ್ಳೆಯ ಅಂಕ ತೆಗೆದು ಹೋದವರು. ‘ಮೇಡಂ, ಲೆಕ್ಚರರ್ ಹೇಳುವುದು ಕಿವಿಗೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ’ ಎನ್ನುತ್ತಾರೆ. ಅವರಲ್ಲಿ ಒಬ್ಬ ಹುಡುಗ ಓದು ಬಿಟ್ಟು ಈಗ ರೀಲಿಂಗ್ ಘಟಕದಲ್ಲಿ ರೇಷ್ಮೆ ನೂಲು ತೆಗೆಯುತ್ತಾನೆ. ಆ ದುಡಿಮೆ ಕೀಳಲ್ಲ, ನಮ್ಮೂರು ಬದುಕುವುದೇ ಅದರಿಂದ. ಆದರೆ ಅವನಿಗೆ ಬೇಕಾಗಿದ್ದು ಬೇರೆ. ಅದು ತಪ್ಪಿದ್ದರಲ್ಲಿ ನಮ್ಮ ಶಾಲೆಯ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಆದ್ದರಿಂದ ಈ ಅಭ್ಯಾಸವನ್ನು ನಿಲ್ಲಿಸುವುದಿಲ್ಲ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಒಂದು ಬದಲಾವಣೆ ಮಾಡಿದ್ದೇವೆ. ಡಿಸೆಂಬರ್ ಕೊನೆಯವರೆಗೆ ವಾರಕ್ಕೆ ನಾಲ್ಕು ದಿನ ನಡೆಯುತ್ತದೆ. ಪೂರ್ವಸಿದ್ಧತಾ ಪರೀಕ್ಷೆಗಳು ಶುರುವಾದ ಮೇಲೆ ವಾರಕ್ಕೆ ಎರಡೇ ದಿನ, ಉಳಿದ ದಿನ ಪುನರಾವರ್ತನೆ ಮತ್ತು ಬರವಣಿಗೆ. ಇದಕ್ಕಿಂತ ಕಡಿಮೆ ಮಾಡಲು ನಾನು ಒಪ್ಪಲಾರೆ. ಒಂದೆರಡು ತಿಂಗಳು ತಾಳ್ಮೆಯಿಂದಿರಿ ಎಂದು ಕೇಳಿಕೊಳ್ಳುತ್ತೇನೆ. ಕಿವಿ ಪಳಗಲು ಸಮಯ ಬೇಕು.

ನಿಮ್ಮಿಂದ ಬೇಕಾದದ್ದು ಇಷ್ಟು: ದಿನಕ್ಕೆ 15 ನಿಮಿಷ ಟಿವಿ ಬಂದ್ ಮಾಡಿ, ಮಗು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವುದನ್ನು ಕೇಳಿ, ನೋಟ್ ಪುಸ್ತಕದಲ್ಲಿ ಸಹಿ ಹಾಕಿ.

ನನಗೇ ಇಂಗ್ಲಿಷ್ ಬಾರದು, ನಾನೇನು ಕೇಳಲಿ ಎನ್ನುವಿರಿ. ಬರಬೇಕಿಲ್ಲ. ಮಗು ನಿಂತು ನಿಂತು ಓದುತ್ತಿದೆಯೋ, ಸರಾಗವಾಗಿ ಓದುತ್ತಿದೆಯೋ ಎಂದು ಯಾವ ತಾಯಿಗೂ ತಿಳಿಯುತ್ತದೆ. ಓದಿದ ಮೇಲೆ ‘ಏನು ಕಥೆ ಅದು, ಹೇಳು’ ಎಂದು ನಿಮ್ಮ ಮನೆಮಾತಿನಲ್ಲೇ ಕೇಳಿ. ತೆಲುಗಿನಲ್ಲಿ ಹೇಳಲಿ, ಉರ್ದುವಿನಲ್ಲಿ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ. ಬಾರದಿದ್ದರೆ ಬೈಯಬೇಡಿ, ಹೊಡೆಯಬೇಡಿ, ಪಕ್ಕದಲ್ಲಿ ಒಂದು ಗುರುತು ಹಾಕಿ ಕಳಿಸಿ, ಉಳಿದದ್ದು ನಮ್ಮ ಕೆಲಸ. ಹೆಬ್ಬೆಟ್ಟಿನ ಗುರುತೂ ನಮಗೆ ಸಹಿಯೇ.

ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಕೂರಲು ಪುರುಸೊತ್ತು ಎಲ್ಲಿ ಎಂದು ಒಬ್ಬ ತಾಯಿ ಕೇಳಿದರು. ಅಮ್ಮಾ, ನೀವು ಕೂರಲೇಬೇಕೆಂದಿಲ್ಲ. ನೀವು ಸೊಪ್ಪು ಹಾಕುತ್ತಿರಿ, ಮಗು ಹುಳುಮನೆಯ ಬಾಗಿಲಲ್ಲಿ ಕೂತು ಓದಲಿ. ಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಮೇವು ಸಾಕೋ ಸಾಲದೋ ಎಂದು ಹೇಳುವ ಕಿವಿ ನಿಮ್ಮದು. ಮಗುವಿನ ಓದು ಎಲ್ಲಿ ತಡವರಿಸಿತು ಎಂಬುದು ನಿಮಗೆ ತಪ್ಪುವುದಿಲ್ಲ.

ಮೊಬೈಲ್ ಕೊಳ್ಳಬೇಕೇ ಎಂದು ಇಬ್ಬರು ಕೇಳಿದ್ದೀರಿ. ಬೇಡ. ಇದಕ್ಕಾಗಿ ಯಾರೂ ಸಾಲ ಮಾಡಬೇಡಿ. ಮನೆಯಲ್ಲಿ ಈಗಾಗಲೇ ಇದ್ದರೆ, ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಅನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆಯುತ್ತದೆ. ಅದನ್ನೂ ನೀವು ಮುಂದೆ ಇರುವಾಗ ಮಾತ್ರ ಕೊಡಿ, ಮುಗಿದ ಕೂಡಲೇ ವಾಪಸ್ ತೆಗೆದುಕೊಳ್ಳಿ. ಓದಲಿ ಎಂದು ಮಗುವಿನ ಕೈಗೆ ರಾತ್ರಿಯಿಡೀ ಫೋನ್ ಕೊಟ್ಟರೆ ಆಗುವುದು ಬೇರೆಯೇ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅರ್ಜಿಗೆ ಸಹಿ ಹಾಕಿದವರ ಮಕ್ಕಳನ್ನು ಶಾಲೆಯಲ್ಲಿ ಯಾರೂ ಬೇರೆಯಾಗಿ ನೋಡುವುದಿಲ್ಲ. ಆ ಭಯ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಬರುವ ಶನಿವಾರ ಬೆಳಗಿನ ಮೊದಲ ಅವಧಿಗೆ ಬರಲು ಆಗುವವರೆಲ್ಲ ಬನ್ನಿ. ಹಿಂದಿನ ಬೆಂಚುಗಳನ್ನು ಖಾಲಿ ಇಡುತ್ತೇವೆ. ಆ ಅಂಚೆಯವನ ಕಥೆಯನ್ನೇ ಮಕ್ಕಳಿಂದ ಮತ್ತೆ ಓದಿಸುತ್ತೇವೆ, ನೀವೇ ಕೂತು ಕೇಳಿ. ಮುಗಿದ ಮೇಲೆ ಕಚೇರಿಯಲ್ಲಿ ಟೀ ಕುಡಿದು ಮಾತನಾಡೋಣ. ಬಯಲುಸೀಮೆಯ ಬಿಸಿಲು ಏರುವ ಮೊದಲು ಮನೆಗೆ ಹೊರಡಬಹುದು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ