ಬಿಸಿಯೂಟಕ್ಕೆ ಊರಿನ ತರಕಾರಿ: ಮುಂಗಡ ನಿಧಿ ಕೊಡಿ

ಮಾನ್ಯ ಸಂಪಾದಕರೇ,

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತು ಗುಂಟೆ ಜಮೀನಿನಲ್ಲಿ ಸೊಪ್ಪು, ತರಕಾರಿ ಬೆಳೆಯುತ್ತೇನೆ. ಮಗ ಏಳನೇ ತರಗತಿಯಲ್ಲಿದ್ದಾನೆ. ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನೂ ಸದಸ್ಯೆ. ನನ್ನ ತೋಟದಿಂದ ಶಾಲೆಯ ಗೇಟಿಗೆ ಅರ್ಧ ಕಿಲೋಮೀಟರ್ ದೂರವಿಲ್ಲ. ಆದರೂ ನಮ್ಮೂರಿನ ಹೀರೇಕಾಯಿ ಶಾಲೆಯ ಅಡುಗೆ ಮನೆ ಸೇರಬೇಕಾದರೆ ಮೊದಲು ನಸುಕಿನಲ್ಲಿ ಲಗೇಜ್ ಆಟೋ ಹತ್ತಿ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಬೇಕು. ಅಲ್ಲಿ ಹರಾಜಾಗಿ, ಇನ್ನೊಬ್ಬರ ಕೈ ಸೇರಿ, ಹೋಬಳಿಯ ಅಂಗಡಿಗೆ ಬರಬೇಕು. ಅಲ್ಲಿಂದ ಮುಖ್ಯ ಶಿಕ್ಷಕರ ಬೈಕಿನಲ್ಲಿ ಮತ್ತೆ ನಮ್ಮೂರಿಗೆ. ಅಷ್ಟು ಹೊತ್ತಿಗೆ ಮೂರು ದಿನ ಕಳೆದಿರುತ್ತದೆ.

ನೇರವಾಗಿ ನಮ್ಮಿಂದಲೇ ಏಕೆ ಕೊಳ್ಳಬಾರದು ಎಂದು ಹಿಂದಿನ ವರ್ಷ ಸಭೆಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಶಿಕ್ಷಕರು ಮಾತಾಡದೆ ಲೆಕ್ಕದ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಅಡುಗೆ ಸಾಮಗ್ರಿಯ ವೆಚ್ಚವೆಂದು 2025ರ ಮೇ ತಿಂಗಳಿಂದ ನಿಗದಿಯಾದದ್ದು 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 6.78 ರೂಪಾಯಿ, ಅದರ ಮೇಲಿನವರಿಗೆ 10.17 ರೂಪಾಯಿ. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಬೇಳೆ, ಎಣ್ಣೆ, ತರಕಾರಿ, ಮಸಾಲೆ, ಗ್ಯಾಸ್ ಎಲ್ಲವೂ ಇದರೊಳಗೇ ಮುಗಿಯಬೇಕು. ಈ ಮೊತ್ತ ಸಾಲದು ಎಂದು ಹೇಳುವವರು ಬಹಳ ಮಂದಿ ಇದ್ದಾರೆ, ಅದು ನಿಜವೂ ಹೌದು. ಆದರೆ ನಾನು ಕಂಡ ತೊಂದರೆ ಬೇರೆ. ಹಿಂದಿನ ವರ್ಷ ಒಮ್ಮೆ ತರಕಾರಿಗೆಂದು ಬರಬೇಕಾದ ಸಾದಿಲ್ವಾರು (ಬಿಡಿ ಖರ್ಚಿನ) ಹಣ ಎರಡೂವರೆ ತಿಂಗಳು ಬರಲೇ ಇಲ್ಲ. ಮಕ್ಕಳ ಊಟವನ್ನಂತೂ ನಿಲ್ಲಿಸಲಾಗದು. ಅಂಗಡಿಯವರು ಉದ್ರಿ ಬರೆದುಕೊಂಡು ಕೊಟ್ಟರು. ಉದ್ರಿ ಕೊಟ್ಟವರು ಕೊಟ್ಟದ್ದೇ ತರಕಾರಿ, ಹೇಳಿದ್ದೇ ಬೆಲೆ.

ಆಗ ನಾನೇ ಮುಂದೆ ಬಂದು ಉದ್ರಿಯಲ್ಲಿ ಕೊಡಲು ಶುರುಮಾಡಿದೆ. ಬೆಳಿಗ್ಗೆ ಏಳಕ್ಕೆ ಕಿತ್ತ ಹರಿವೆ, ದಂಟು, ನುಗ್ಗೆಸೊಪ್ಪು ಎಂಟೂವರೆಗೆ ಅಡುಗೆ ಮನೆಯಲ್ಲಿರುತ್ತಿತ್ತು. ಮೊದಲ ದಿನ ಅಡುಗೆಯವರು ಸೊಪ್ಪನ್ನು ಚಾಪೆಯ ಮೇಲೆ ಹರಡಿ, ಬೇರಿನ ಹಸಿ ಮಣ್ಣು ಕೊಡವುತ್ತಾ, ‘ಅಕ್ಕಾ, ಅಂಗಡಿ ಕಟ್ಟು ಬಿಚ್ಚಿದರೆ ಒಳಗೆಲ್ಲ ಬೆಂದ ಹಾಗೆ ಕಪ್ಪಗಿರುತ್ತದೆ, ಅರ್ಧ ತಿಪ್ಪೆಗೇ ಹೋಗುತ್ತದೆ. ಇದರಲ್ಲಿ ಬಿಸಾಡುವುದಕ್ಕೇ ಏನೂ ಇಲ್ಲ’ ಎಂದರು. ಆ ದಿನ ಸೌತೆಕಾಯಿಯ ನೀರು ಸಾಂಬಾರಿನ ಬದಲು ಮಸ್ಸೊಪ್ಪು ಆಯಿತು. ಬೇಳೆಯ ಜೊತೆ ಸೊಪ್ಪು ಬೆಂದು, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಆ ವಾಸನೆ ನಾಲ್ಕನೇ ತರಗತಿಯ ಕಿಟಕಿಯವರೆಗೂ ಹೋಗಿತ್ತು. ‘ಇದು ನಮ್ಮ ಬೇಲಿಯ ನುಗ್ಗೆ’ ಎಂದು ಒಬ್ಬ ಹುಡುಗ ಸಾಲಿನಲ್ಲಿ ಕುಳಿತವರಿಗೆಲ್ಲ ಹೇಳುತ್ತಿದ್ದ. ನಿಜ, ಆ ಸೊಪ್ಪನ್ನು ಅವನ ಅಜ್ಜಿಯೇ ಕೊಟ್ಟಿದ್ದರು.

ನನ್ನಿಂದ ಆದದ್ದು ಹದಿನೆಂಟು ದಿನ. ಶನಿವಾರ ಸಂಜೆ ಕೂಲಿಯವರಿಗೆ ಬಟವಾಡೆ ಮಾಡಲೇಬೇಕು, ಸಂಘದ ಕಂತು ತಪ್ಪಿಸುವಂತಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಮತ್ತೆ ಅಂತರಸನಹಳ್ಳಿಯ ದಾರಿ ಹಿಡಿದೆ. ಆ ಹದಿನೆಂಟು ದಿನದ ಹಣ ಕೈಸೇರುವಾಗ ಮೂರು ತಿಂಗಳಾಗಿತ್ತು. ಶಿಕ್ಷಕರನ್ನು ದೂರಲಾರೆ, ಅವರು ತಮ್ಮ ಸಂಬಳದಿಂದಲೇ ಎಷ್ಟೋ ದಿನ ಟೊಮೆಟೊ, ಈರುಳ್ಳಿ ತಂದಿದ್ದಾರೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಊರಿನ ತರಕಾರಿ ಕೊಳ್ಳಲೆಂದೇ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳೆಲ್ಲ ಸೇರಿದ ಸಂಜೀವಿನಿ ಒಕ್ಕೂಟಕ್ಕೆ ಒಂದು ಸಲ ಅನುದಾನ ಕೊಡಿ. ಸ್ತ್ರೀಶಕ್ತಿ, ಸ್ವಸಹಾಯ ಸಂಘದವರಿಗೆ ಸುತ್ತು ನಿಧಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಒಕ್ಕೂಟವು ಬೆಳೆದವರಿಗೆ ವಾರವಾರ ಹಣ ಕೊಡಲಿ. ಸರ್ಕಾರದ ಹಣ ಬಂದಾಗ ಶಾಲೆ ಒಕ್ಕೂಟಕ್ಕೆ ತುಂಬಿಕೊಡಲಿ. ನಾನು ಚೀಟಿಯಲ್ಲಿ ಬರೆದುಕೊಡುವ ಲೆಕ್ಕವನ್ನು ಆಡಿಟ್‌ನಲ್ಲಿ ಒಪ್ಪುವುದಿಲ್ಲ ಎಂಬ ಹೆದರಿಕೆ ಶಿಕ್ಷಕರಿಗಿದೆ. ಒಕ್ಕೂಟದ ರಸೀದಿ ಇದ್ದರೆ ಅದೂ ತಪ್ಪುತ್ತದೆ.

ಎಷ್ಟು ಹಣ ಬೇಕು? ನಮ್ಮ ಶಾಲೆಯಲ್ಲಿ 80 ಮಕ್ಕಳು. ಐದನೇ ತರಗತಿಯವರೆಗೆ 50, ಮೇಲೆ 30. ನಿಯಮದ ಪ್ರಕಾರ ಚಿಕ್ಕವರಿಗೆ ದಿನಕ್ಕೆ 50 ಗ್ರಾಂ, ದೊಡ್ಡವರಿಗೆ 75 ಗ್ರಾಂ ತರಕಾರಿ. ಒಟ್ಟು 4 ಕಿಲೋ 750 ಗ್ರಾಂ. ತಿಂಗಳಿಗೆ 24 ದಿನವೆಂದರೆ 114 ಕಿಲೋ. ಸರಾಸರಿ ಕಿಲೋಗೆ 40 ರೂಪಾಯಿ ಹಿಡಿದರೂ 4,560 ರೂಪಾಯಿ. ಮೂರು ತಿಂಗಳು ತಡೆದುಕೊಳ್ಳಲು ಸುಮಾರು 14 ಸಾವಿರ. ಹತ್ತು ಶಾಲೆಗಳಿರುವ ಪಂಚಾಯಿತಿಗೆ ಒಂದೂವರೆ ಲಕ್ಷ ದಾಟುವುದಿಲ್ಲ, ಅದೂ ತಿರುಗಿ ಬರುವ ಹಣ.

ಇದಕ್ಕೆ ಹೊಸ ಕಾನೂನೇನೂ ಬೇಡ. ಬಿಸಿಯೂಟಕ್ಕೆ ‘ಪಿಎಂ ಪೋಷಣ್’ ಎಂದು ಹೆಸರಿಟ್ಟ 2021ರ ಸೆಪ್ಟೆಂಬರ್‌ನಲ್ಲೇ ಕೇಂದ್ರ ಸರ್ಕಾರ ರೈತ ಉತ್ಪಾದಕ ಸಂಸ್ಥೆಗಳನ್ನೂ ಮಹಿಳಾ ಸ್ವಸಹಾಯ ಸಂಘಗಳನ್ನೂ ಸೇರಿಸಿಕೊಳ್ಳಲು, ಸ್ಥಳೀಯ ಸಾಂಪ್ರದಾಯಿಕ ಆಹಾರ ಬಳಸಲು ಉತ್ತೇಜನ ಕೊಡುವುದಾಗಿ ಹೇಳಿದೆ. ಕೃಷಿ ಪದವಿ ಓದುತ್ತಿರುವ ನನ್ನ ದೊಡ್ಡ ಮಗಳು ಹೇಳುವಂತೆ, ಬ್ರೆಜಿಲ್‌ನಲ್ಲಿ ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಬಳಸಬೇಕೆಂದು 2009ರಲ್ಲೇ ಕಾನೂನು ಬಂದಿತ್ತು. ಅಷ್ಟು ದೂರ ಹೋಗುವುದೂ ಬೇಡ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು 2024ರ ಜುಲೈನಲ್ಲಿ ಒಪ್ಪಂದವಾದ ಮೇಲೆ, ನಮ್ಮ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನ ಸಿಗುವಂತಾಯಿತು. ಒಂದೇ ಕೆಲಸಕ್ಕೆಂದು ಹಣ ಎತ್ತಿಟ್ಟರೆ ಅದು ತಟ್ಟೆಯವರೆಗೆ ಮುಟ್ಟುತ್ತದೆ ಎಂಬುದನ್ನು ಮಕ್ಕಳೆಲ್ಲ ಕಂಡಿದ್ದಾರೆ.

ವರ್ಷವಿಡೀ ಎಲ್ಲವನ್ನೂ ನಾವೇ ಒದಗಿಸುತ್ತೇವೆ ಎಂದು ಹೇಳಲಾರೆ. ಬೇಸಿಗೆಯ ಕೊನೆಗೆ ಕೊಳವೆಬಾವಿ ಬತ್ತುತ್ತದೆ. ಈರುಳ್ಳಿ, ಆಲೂಗಡ್ಡೆ ಹೊರಗಿನಿಂದಲೇ ಬರಬೇಕು. ಆದರೆ ಸೊಪ್ಪು, ಹೀರೆ, ಕುಂಬಳ, ಅಲಸಂದೆ, ನುಗ್ಗೆ ಇವನ್ನು ನಮ್ಮೂರಿನ ಐದು ಮನೆಯವರು ಸರದಿಯ ಮೇಲೆ ಕೊಡಲು ಒಪ್ಪಿದ್ದೇವೆ. ಯಾರು ಯಾವ ವಾರ ಎಂದು ಪಟ್ಟಿಯನ್ನೂ ಬರೆದಿಟ್ಟಿದ್ದೇವೆ.

ಹೊಲದಲ್ಲಿ ಅವರೆ ಹೂ ಬಿಟ್ಟಿದೆ. ಸಂಕ್ರಾಂತಿಯ ಹೊತ್ತಿಗೆ ಸೊಗಡಿನ ಕಾಯಿ ಸುಗ್ಗಿ. ಅಷ್ಟರೊಳಗೆ ಜಿಲ್ಲಾ ಪಂಚಾಯಿತಿಯವರು ಒಂದು ಹೋಬಳಿಯಲ್ಲಾದರೂ ಈ ನಿಧಿಯನ್ನು ಪ್ರಯೋಗಕ್ಕೆಂದು ಕೊಡಬೇಕು. ಲೆಕ್ಕ ನೋಡಲು ಬಿಸಿಯೂಟದ ಉಸ್ತುವಾರಿಯ ತಾಲ್ಲೂಕಿನ ಅಕ್ಷರ ದಾಸೋಹ ಅಧಿಕಾರಿಗಳು ಯಾವ ದಿನ ಬಂದರೂ ಒಕ್ಕೂಟದ ಪುಸ್ತಕ ತೆರೆದು ತೋರಿಸುತ್ತೇವೆ.

– ಎಸ್‌ಡಿಎಂಸಿ ಸದಸ್ಯೆ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ