ಅಜ್ಜನ ನಕ್ಷತ್ರ, ನಿನ್ನ ಚುನಾವಣೆ

ಪ್ರೀತಿಯ ಪುಟ್ಟನಿಗೆ, ಅತ್ತೆಯ ಆಶೀರ್ವಾದಗಳು.

ನ್ಯೂ ಹ್ಯಾಂಪ್‌ಶೈರ್ ವಿಧಾನಸಭೆಗೆ ನಿಲ್ಲುತ್ತೇನೆ, ನಿಂತರೆ ಸರ್ಕಾರದ ಕೈ ಆದಷ್ಟು ಕಡಿಮೆ ಇರಲಿ ಎನ್ನುವ ಸಣ್ಣ ಲಿಬರ್ಟೇರಿಯನ್ ಪಕ್ಷದಿಂದಲೇ, ರಿಪಬ್ಲಿಕನ್ ಹಣೆಪಟ್ಟಿ ಹಚ್ಚಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಬರೆದಿದ್ದೀಯಲ್ಲ, ಎರಡು ಸಲ ಓದಿದೆ. ನಿನ್ನ ಅಪ್ಪನಿಗೆ ಮಂಡೆಬಿಸಿ ಆಗಿದೆಯಂತೆ. ನನಗೇನೂ ಆಗಿಲ್ಲ. 400 ಜನ ಕೂರುವ ಸಭೆ, ವರ್ಷಕ್ಕೆ 100 ಡಾಲರ್ ಸಂಬಳ. ದುಡ್ಡಿನಾಸೆಗೆ ಹೊರಟವನಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು!

ಸಣ್ಣ ಪಕ್ಷವೋ ದೊಡ್ಡ ಪಕ್ಷವೋ ಎಂಬ ಈ ಪ್ರಶ್ನೆ ನಮ್ಮ ಮನೆಗೆ ಹೊಸದಲ್ಲ. ನಿನ್ನ ಅಜ್ಜ ರಾಜಾಜಿಯವರ ಸ್ವತಂತ್ರ ಪಕ್ಷದವರು. 1967ರಲ್ಲಿ ಉಡುಪಿಯಿಂದ ಲೋಬೋ ಪ್ರಭು ಲೋಕಸಭೆಗೆ ನಿಂತಾಗ ಅಜ್ಜ ರಾತ್ರಿ ಹೊತ್ತು ಗೋಡೆಗಳ ಮೇಲೆ ಸುಣ್ಣದಲ್ಲಿ ಪಕ್ಷದ ಗುರುತಾದ ನಕ್ಷತ್ರ ಬರೆಯುತ್ತಿದ್ದರು. ಲಾಟೀನು ಹಿಡಿಯುವ ಕೆಲಸ ನನ್ನದು. ಪ್ರಭು ಗೆದ್ದರು. ದೇಶದಲ್ಲಿ ಪಕ್ಷಕ್ಕೆ 44 ಸೀಟು ಬಂತು. 1971ರಲ್ಲಿ ಅದು 8ಕ್ಕೆ ಇಳಿಯಿತು, 1974ರಲ್ಲಿ ಭಾರತೀಯ ಲೋಕದಳದೊಳಗೆ ಕರಗಿಹೋಯಿತು.

ಆಮೇಲೆ ಅಜ್ಜ ಯಾವ ಪಕ್ಷದ ಮೆಟ್ಟಿಲೂ ಹತ್ತಲಿಲ್ಲ. ಜಗಲಿಯಲ್ಲಿ ಕೂತು ಪೇಪರಿಗೆ ಬೈಯುತ್ತಿದ್ದರು. ಕೊನೆಗೆ 1991ರಲ್ಲಿ, ಉದ್ಯಮಕ್ಕೆಲ್ಲ ಸರ್ಕಾರದ ಪರವಾನಗಿ ಬೇಕು ಎನ್ನುವ ಲೈಸೆನ್ಸ್ ರಾಜ್ಯವನ್ನು ಸಡಿಲಿಸಿದ್ದು ಯಾರು? ಅವರು ಜೀವಮಾನವಿಡೀ ಬೈದ ಕಾಂಗ್ರೆಸ್ಸು. ಡಾಲರ್ ಮುಗಿದು ಚಿನ್ನ ಅಡವಿಟ್ಟ ಮೇಲೆ ಮಾಡಿದ್ದು, ನಿಜ. ಆದರೂ ಆ ಹೊತ್ತಿಗೆ ಕಡತ ಹಿಡಿದು ಒಳಗೆ ಕೂತವರು ಬೇಕಿತ್ತು ಅಲ್ವಾ? ಜಗಲಿಯಿಂದ ಆಗುವ ಕೆಲಸ ಅಲ್ಲ ಅದು.

ಅಜ್ಜನ ಪರವಾಗಿ ಒಂದು ಮಾತು ಹೇಳಲೇಬೇಕು. ಅಲ್ಲಿ ಭಾರತದಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಅಂಥ ಪಕ್ಷದೊಳಗೆ ಹೋಗಿ ಒಬ್ಬ ಮನುಷ್ಯ ಎಂತ ಮಾಡಿಯಾನು? ಇಲ್ಲಿ ಅಮೆರಿಕದಲ್ಲಿ ಹಾಗಿಲ್ಲ ಮಾರಾಯ. ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಪ್ರೈಮರಿ ಚುನಾವಣೆಯಲ್ಲಿ ಮತದಾರರು ಆರಿಸಿದರೆ ಮುಗಿಯಿತು, ಪಕ್ಷದ ದೊಡ್ಡವರು ಮುಖ ಸಿಂಡರಿಸಿಕೊಂಡು ನೋಡಬೇಕು ಅಷ್ಟೇ. ನಿಮ್ಮ ರಾಜ್ಯದಲ್ಲಿ ಯಾವ ಪಕ್ಷಕ್ಕೂ ಹೆಸರು ಕೊಡದವರೂ ಪ್ರೈಮರಿಯಲ್ಲಿ ಮತ ಹಾಕಬಹುದು. ನಮ್ಮೂರ ಜಾತ್ರೆಯ ಹಾಗೆ, ಜಾಗ ಹಿಡಿದು ಅಂಗಡಿ ಹಾಕಿದರಾಯಿತು. ನೀನು ಅಜ್ಜನ ಹಟವನ್ನು ಅದಕ್ಕೆ ಕಾರಣವೇ ಇಲ್ಲದ ದೇಶಕ್ಕೆ ಹೊತ್ತು ತಂದಿದ್ದೀಯ.

ರಾನ್ ಪಾಲ್ ಅವರನ್ನೇ ನೋಡು. 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಬಂದದ್ದು ಶೇಕಡಾ ಅರ್ಧದಷ್ಟೂ ಇಲ್ಲ. 2012ರಲ್ಲಿ ಅದೇ ಮನುಷ್ಯ, ಅದೇ ಮಾತು, ರಿಪಬ್ಲಿಕನ್ ಪ್ರೈಮರಿಯಲ್ಲಿ 20 ಲಕ್ಷ ಮತ. ಇಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ತಮ್ಮದೇ ಪಕ್ಷದ ವಿರುದ್ಧ ಎಷ್ಟು ಸಲ ಮತ ಹಾಕಿದರೋ, ಟೆಕ್ಸಸ್‌ನ ಜನ ಮತ್ತೆ ಮತ್ತೆ ಕಳಿಸಿದರು. ಅವರು ವಿರೋಧಿಸಿದ ಇರಾಕ್ ಯುದ್ಧ ನಿಲ್ಲಿಸಲು ಅವರಿಂದಲೂ ಆಗಲಿಲ್ಲ, ಅದು ಬೇರೆ ಮಾತು.

ಒಳಗೆ ಹೋದವರೆಲ್ಲ ಉಳಿಯುತ್ತಾರೆ ಎಂದು ಸುಳ್ಳು ಹೇಳಲಾರೆ. ಮಿಷಿಗನ್‌ನ ಸಂಸದ ಜಸ್ಟಿನ್ ಅಮಾಶ್ 2019ರ ಜುಲೈ 4ರಂದು ರಿಪಬ್ಲಿಕನ್ ಪಕ್ಷ ಬಿಟ್ಟರು. ಮರುವರ್ಷ ಲಿಬರ್ಟೇರಿಯನ್ ಆದರು, ಆ ಸಲದ ಚುನಾವಣೆಗೆ ನಿಲ್ಲಲೇ ಇಲ್ಲ. 2024ರಲ್ಲಿ ಸೆನೆಟ್‌ಗೆ ರಿಪಬ್ಲಿಕನ್ ಪ್ರೈಮರಿಗೆ ಬಂದು ಸೋತರು. ಹೊರಗಿನವರಿಗೂ ಒಮ್ಮೊಮ್ಮೆ ಏನಾದರೂ ದಕ್ಕುತ್ತದೆ. 2024ರಲ್ಲಿ ಟ್ರಂಪ್ ಲಿಬರ್ಟೇರಿಯನ್ ಸಮಾವೇಶಕ್ಕೇ ಬಂದು ಕೂಗಾಟ ತಿಂದು, ಸಿಲ್ಕ್ ರೋಡ್ ಎಂಬ ಕಳ್ಳಸಂತೆ ಜಾಲತಾಣ ನಡೆಸಿ ಜೀವಾವಧಿ ಶಿಕ್ಷೆಯಲ್ಲಿದ್ದ ರಾಸ್ ಉಲ್ಬ್ರಿಕ್ಟ್ ಬಿಡುಗಡೆಗೆ ಮಾತು ಕೊಟ್ಟರು. 2025ರ ಜನವರಿಯಲ್ಲಿ ಕ್ಷಮಾದಾನವೂ ಆಯಿತು. ಅಂಥದ್ದು ದಿನಾ ಸಿಗುವುದಿಲ್ಲ.

ನನಗೆ ನಿನ್ನ ಬಗ್ಗೆ ಇರುವ ಹೆದರಿಕೆ ಇದ್ಯಾವುದೂ ಅಲ್ಲ. ನಿಮ್ಮ ರಾಜ್ಯದ ಕ್ರಾಯ್ಡನ್ ಊರು ನೆನಪಿದೆಯಾ? ಊರವರೇ ಕೂತು ಬಜೆಟ್‌ಗೆ ಮತ ಹಾಕುವ 2022ರ ಮಾರ್ಚ್ ಸಭೆಗೆ ಬೆರಳೆಣಿಕೆಯ ಜನ ಬಂದಿದ್ದಾಗ, ಲಿಬರ್ಟೇರಿಯನ್ನರೆಲ್ಲ ನಿಮ್ಮ ರಾಜ್ಯಕ್ಕೆ ಬಂದು ನೆಲೆಸಿ ಎನ್ನುವ ಫ್ರೀ ಸ್ಟೇಟ್ ಚಳವಳಿಯ ಕಡೆಯ ಒಬ್ಬರು ಶಾಲೆಯ ಬಜೆಟ್ಟನ್ನು 17 ಲಕ್ಷ ಡಾಲರ್‌ನಿಂದ 8 ಲಕ್ಷಕ್ಕೆ ಇಳಿಸೋಣ ಎಂದರು. 20ಕ್ಕೆ 14 ಮತದಲ್ಲಿ ಪಾಸಾಯಿತು. ಕಾನೂನು ಪ್ರಕಾರ ಎಲ್ಲ ಸರಿಯೇ. ಮರುದಿನ ಊರಿನವರು ಎದ್ದು ನೋಡಿದರೆ ಮಕ್ಕಳ ಶಾಲೆಯ ದುಡ್ಡು ಅರ್ಧಕ್ಕರ್ಧ ಇಲ್ಲ! ಎಡದವರು ಬಲದವರು ಎನ್ನದೆ ಮನೆಮನೆ ತಿರುಗಿ ಮೇ ತಿಂಗಳಲ್ಲಿ ಮತ್ತೆ ಸಭೆ ಕರೆದರು. 377ಕ್ಕೆ 2 ಮತದಲ್ಲಿ ಹಳೆಯ ಬಜೆಟ್ ವಾಪಸ್ ಬಂತು. ಆ ವಾದದಲ್ಲಿ ಸತ್ವ ಇತ್ತೋ ಇಲ್ಲವೋ, ಇನ್ನು ಆ ಊರಿನಲ್ಲಿ ಕೇಳುವವರು ಯಾರು? ದೊಡ್ಡ ಪಕ್ಷದೊಳಗೆ ಹೋಗು ಎಂದು ನಾನು ಹೇಳುವುದು ಅಡಗಿಕೊಳ್ಳಲಿಕ್ಕೆ ಅಲ್ಲ. ಲಿಬರ್ಟೇರಿಯನ್ ಎಂದೇ ಬಾಗಿಲು ತಟ್ಟು. ಗಾಂಜಾ ಬಗ್ಗೆ, ಪೊಲೀಸರ ಅಧಿಕಾರದ ಬಗ್ಗೆ, ಶಾಲೆಯ ಬಗ್ಗೆ ಏನು ಅಂದುಕೊಂಡಿದ್ದೀಯೋ ಅದನ್ನು ಕರಪತ್ರದಲ್ಲೇ ಹಾಕು. ನಿನ್ನ ಕ್ಷೇತ್ರಕ್ಕೆ ಡೆಮಾಕ್ರಟ್ ಬಾಗಿಲೇ ಹತ್ತಿರ ಅನ್ನಿಸಿದರೆ ಅದೂ ಆಗಬಹುದು. ಫ್ರೀ ಸ್ಟೇಟ್‌ನವರು ಕೆಲವರು ಹಾಗೂ ಗೆದ್ದಿದ್ದಾರೆ.

ಇನ್ನೊಂದು ಕೆಲಸ ಬಾಕಿ ಇದೆ. ಅರ್ಜಿ ಹಾಕುವ ಮೊದಲು ಒಂದು ಚೀಟಿಯಲ್ಲಿ, ಯಾರು ಎಷ್ಟು ಒತ್ತಾಯ ಮಾಡಿದರೂ ಹಾಕದ ಮತಗಳು ಯಾವುವು ಎಂದು ಬರೆ. ಉದ್ದ ಪಟ್ಟಿ ಬೇಡ, ನಾಲ್ಕೋ ಐದೋ ಸಾಕು. ಗೆದ್ದ ಮೇಲೆ ಸ್ನೇಹ ಬೆಳೆಯುತ್ತದೆ, ಕಮಿಟಿ ಸಿಗುತ್ತದೆ, ಇದೊಂದು ಸಲ ಹೊಂದಿಕೊಳ್ಳೋಣ ಅನ್ನಿಸುತ್ತದೆ. ಆಗ ಬರೆಯಲು ಹೋದರೆ ಪೆನ್ನು ತಡವರಿಸುತ್ತದೆ. ಆ ಚೀಟಿಯ ಪ್ರತಿ ನನಗೂ ಕಳಿಸು. ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಅಡಿಯಲ್ಲಿ ಇಟ್ಟಿರುತ್ತೇನೆ. ನಿನ್ನ ಅಪ್ಪನಿಗೂ ತೋರಿಸುವುದಿಲ್ಲ.

ನಿನ್ನ ಅತ್ತೆ