ನನ್ನ ಹಲ್ಲುಗಳನ್ನು ಉಳಿಸಿಕೊಟ್ಟವರಿಗೆ ವಂದನೆ

ಒಸಡಿನ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳ ಬಳಿಕ ತೆಗೆದ ಎಕ್ಸ್-ರೇಯಲ್ಲಿ, ಕೆಳದವಡೆಯ ಹಲ್ಲೊಂದರ ಬೇರಿನ ಪಕ್ಕ ಮೂಳೆ ಕರಗಿ ಕಪ್ಪಗೆ ಕಾಣುತ್ತಿದ್ದ ಕುಳಿ ಬಹುಮಟ್ಟಿಗೆ ತುಂಬಿಕೊಂಡಿದೆ. ಹಲ್ಲಿನ ಅಲುಗಾಟವೂ ತಗ್ಗಿದೆ. ಇದಕ್ಕೆ ಕಾರಣರಾದವರನ್ನು ಬಹಿರಂಗವಾಗಿ ನೆನೆಯಲು ಈ ಬರಹ.

ಮೊದಲ ವಂದನೆ, ಶಸ್ತ್ರಚಿಕಿತ್ಸೆಯನ್ನು ಕೂಡಲೇ ಮಾಡಲು ಒಪ್ಪದ ದಂತ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಿಗೆ. ಆರೋಗ್ಯವಂತ ಒಸಡಿನಲ್ಲಿ, ಹಲ್ಲಿಗೂ ಒಸಡಿಗೂ ನಡುವೆ ಇಳಿಸುವ ಅಳತೆಯ ಗೆರೆಗಳಿರುವ ಪ್ರೋಬ್ ಎಂಬ ಸಣ್ಣ ಕಡ್ಡಿ ಸಾಮಾನ್ಯವಾಗಿ 3 ಮಿ.ಮೀ.ಗಿಂತ ಆಳಕ್ಕೆ ಇಳಿಯುವುದಿಲ್ಲ. ನನ್ನಲ್ಲಿ ಕೆಲವೆಡೆ 7 ಮಿ.ಮೀ. ಇಳಿಯುತ್ತಿತ್ತು. ಆದರೂ ಅವರು ಮೊದಲು ಬೇರಿನವರೆಗೂ ಶುಚಿಮಾಡಿಸಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಎಚ್‌ಬಿಎ1ಸಿ ರಕ್ತಪರೀಕ್ಷೆಯ ವರದಿ ತರಿಸಿಕೊಂಡು, ಆರು ವಾರ ಬಿಟ್ಟು ಮತ್ತೆ ಅಳೆದು, ಆಳ ಕಡಿಮೆಯಾಗದ ಜಾಗಗಳಿಗೆ ಮಾತ್ರ ಶಸ್ತ್ರಚಿಕಿತ್ಸೆ ಸಾಕೆಂದರು. ಹೀಗೆ ಕಾದದ್ದರಿಂದ ಒಂದು ಬದಿಗೆ ಅದರ ಅಗತ್ಯವೇ ಬೀಳಲಿಲ್ಲ. ಅವಸರಪಡುತ್ತಿದ್ದ ರೋಗಿಯನ್ನು ಕಾಯುವಂತೆ ಒಪ್ಪಿಸುವುದು ಸುಲಭದ ಕೆಲಸವಲ್ಲ.

ಅವರ ಮೇಲ್ವಿಚಾರಣೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿದ ಸ್ನಾತಕೋತ್ತರ ವಿದ್ಯಾರ್ಥಿನಿಗೆ ನಾನು ವಿಶೇಷವಾಗಿ ಋಣಿ. ಒಸಡನ್ನು ಬಿಡಿಸಿ, ಬೇರಿಗೆ ಅಂಟಿದ್ದ ಗಾರೆಯನ್ನು ಕೆರೆದು ತೆಗೆದು, ಕುಳಿಗೆ ಮೂಳೆಯ ಪುಡಿ ತುಂಬಿ, ಅದರ ಮೇಲೆ ತೆಳುವಾದ ಪೊರೆ ಹೊದಿಸಿ ಹೊಲಿದರು. ಪೊರೆ ಏಕೆಂದು ಕೇಳಿದ್ದಕ್ಕೆ, ಒಸಡಿನ ಜೀವಕೋಶಗಳು ಬೇಗ ಬೆಳೆಯುತ್ತವೆ, ನಿಧಾನವಾಗಿ ಬೆಳೆಯುವ ಮೂಳೆಯ ಜಾಗವನ್ನು ಅವು ಆಕ್ರಮಿಸದಂತೆ ಈ ತಡೆ ಎಂದು ಎಳೆಎಳೆಯಾಗಿ ಬಿಡಿಸಿ ಹೇಳಿದರು. ಒಸಡು ಜಾರಿ ಬೇರು ಕಾಣುತ್ತಿದ್ದ ಮುಂದಿನ ಹಲ್ಲಿಗೆ ಅಂಗುಳಿನಿಂದ ಅಂಗಾಂಶ ತೆಗೆದು ಕಸಿ ಮಾಡಿದರು. ನಿಜ ಹೇಳಬೇಕೆಂದರೆ ಒಸಡಿಗಿಂತ ಅಂಗುಳೇ ಹೆಚ್ಚು ನೋಯಿತು. ಅದನ್ನೂ, ಬೇರು ಪೂರ್ತಿ ಮುಚ್ಚದೆ ಇರಬಹುದೆಂಬುದನ್ನೂ ಅವರು ಮೊದಲೇ ತಿಳಿಸಿದ್ದರು. ಈಗ ತುಸು ಬೇರು ಕಾಣುತ್ತಲೇ ಇದೆ, ಆದರೆ ತಣ್ಣೀರು ಕುಡಿದರೆ ಜುಮ್ಮೆನ್ನುವುದಿಲ್ಲ.

ಕ್ಲೋರ್‌ಹೆಕ್ಸಿಡಿನ್‌ ಎಂಬ ಕ್ರಿಮಿನಾಶಕ ದ್ರಾವಣದಿಂದ ಬಾಯಿ ಮುಕ್ಕಳಿಸಿ ಹಲ್ಲು ಕಂದುಬಣ್ಣಕ್ಕೆ ತಿರುಗಿದಾಗ, ಶುಚಿಮಾಡಿದರೆ ಹೋಗುವ ಕಲೆಯದು ಎಂದು ಧೈರ್ಯ ಹೇಳಿದ ನರ್ಸ್ ಅವರಿಗೂ, ಹೊಲಿಗೆ ಬಿಚ್ಚುವವರೆಗೆ ತಣಿದ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ ಕೊಟ್ಟು, ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲಿಟ್ಟ ನನ್ನ ಪತ್ನಿಗೂ, ನನ್ನ ತರಗತಿಗಳನ್ನು ಹಂಚಿಕೊಂಡ ಶಾಲೆಯ ಸಹೋದ್ಯೋಗಿಗಳಿಗೂ ವಂದನೆಗಳು.

ಆ ವಿದ್ಯಾರ್ಥಿನಿ ಈಗ ಕೋರ್ಸ್ ಮುಗಿಸಿ ಬೇರೆ ಊರಿಗೆ ಹೋಗಿದ್ದಾರೆ. ಇನ್ನು ಮೂರು ತಿಂಗಳಿಗೊಮ್ಮೆ ನಡೆಯುವ ಶುಚೀಕರಣ ಅವರ ಕಿರಿಯರ ಕೈಯಲ್ಲಿದೆ. ಅವರಿಗೆ ಮುಂಗಡವಾಗಿಯೇ ವಂದಿಸುತ್ತೇನೆ.